ಸಾಫ್ಟ್‌ವೇರ್ ಮಾಡಿಸೋಕೆ ಎಷ್ಟಾಗುತ್ತೆ? ಒಂದು ಅಡಿಕೆ ಮಂಡಿಯ ಲೆಕ್ಕ ಹಿಡಿದು ಅಂದಾಜು ಹಾಕುವ ಸಮಗ್ರ ಮಾರ್ಗದರ್ಶಿ

"ನಮಗೊಂದು ಸಾಫ್ಟ್‌ವೇರ್ ಬೇಕಿತ್ತು. ಎಷ್ಟಾಗುತ್ತೆ ಹೇಳಿ, ಸುಮ್ನೆ ಒಂದು ಅಂದಾಜು."

ಸಣ್ಣ ಕಂಪನಿ ನಡೆಸುವವರಿಗೆ, ಒಬ್ಬರೇ ಫ್ರೀಲಾನ್ಸ್ ಮಾಡುವವರಿಗೆ ಈ ಫೋನ್ ಬಂದೇ ಬರುತ್ತದೆ. ನನಗೆ ಬಂದ ಮೊದಲ ದೊಡ್ಡ ಕೆಲಸಕ್ಕೆ ನಾನು ಫೋನಿನಲ್ಲೇ 80 ಸಾವಿರ ಎಂದುಬಿಟ್ಟೆ. ಎರಡು ತಿಂಗಳ ಕೆಲಸ ಅಂದುಕೊಂಡಿದ್ದು ಏಳು ತಿಂಗಳು ಹಿಡಿಯಿತು. ಕೋಡ್ ಬರೆದದ್ದು ನಿಜಕ್ಕೂ ಎರಡೇ ತಿಂಗಳು. ಉಳಿದ ದಿನಗಳು ಹಳೆಯ ಲೆಕ್ಕವನ್ನು ಹೊಸದಕ್ಕೆ ತರುವುದರಲ್ಲಿ, ಪ್ರಿಂಟ್ ಸರಿಮಾಡುವುದರಲ್ಲಿ, ಮತ್ತೆ ಮತ್ತೆ ಹೋಗಿ ಕಲಿಸುವುದರಲ್ಲಿ ಹೋದವು. ಇವು ಯಾವುದನ್ನೂ ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಅವತ್ತಿನಿಂದ ನನಗೆ ಅಂದಾಜು ಅಂದರೆ ಮೊದಲು ಯಾರೂ ಬಾಯಿಬಿಟ್ಟು ಹೇಳದ ಕೆಲಸಗಳನ್ನು ಹುಡುಕುವುದು. ಗುಣಾಕಾರ ಆಮೇಲೆ.

ಹೇಗೆ ಹುಡುಕೋದು ಅಂತ ಒಂದು ಉದಾಹರಣೆ ಹಿಡಿದೇ ಹೇಳುತ್ತೇನೆ. ಮಲೆನಾಡಿನ ಒಂದು ಮಧ್ಯಮ ಗಾತ್ರದ ಅಡಿಕೆ ಮಂಡಿ. ಈಗ ಲೆಕ್ಕ ಅರ್ಧ ಪುಸ್ತಕದಲ್ಲಿದೆ, ಅರ್ಧ ಎಕ್ಸೆಲ್‌ನಲ್ಲಿದೆ. ಕಂಪ್ಯೂಟರ್‌ನಲ್ಲೇ ಎಲ್ಲ ಆಗಬೇಕು ಅನ್ನುತ್ತಾರೆ. ಇಲ್ಲಿ ಬರುವ ರೂಪಾಯಿ, ದಿನಗಳೆಲ್ಲ ಉದಾಹರಣೆಗೆ ಇಟ್ಟುಕೊಂಡವು. ನಿಮ್ಮ ಊರಿನ ಬಾಡಿಗೆ, ನಿಮ್ಮವರ ಸಂಬಳ ಹಾಕಿ ಬದಲಿಸಿಕೊಳ್ಳಿ.

ಹಂತ 1: ಮೊದಲ ಫೋನಿನಲ್ಲಿ ಒಂದೇ ಅಂಕಿ ಹೇಳಬೇಡಿ

ಬ್ಯಾರಿ ಬೋಮ್ ಎಂಬ ಅಮೆರಿಕದ ತಜ್ಞರು 1981ರಲ್ಲೇ ಇದನ್ನು ಚಿತ್ರ ಬಿಡಿಸಿ ತೋರಿಸಿದ್ದಾರೆ. ಕೆಲಸದ ಕಲ್ಪನೆ ಮಾತ್ರ ಇರುವಾಗ ಹಾಕಿದ ಅಂದಾಜು ನಾಲ್ಕು ಪಟ್ಟು ಮೇಲಕ್ಕೂ ಹೋಗಬಹುದು, ಕಾಲು ಭಾಗಕ್ಕೂ ಇಳಿಯಬಹುದು. ವಿವರ ಗೊತ್ತಾದಂತೆ ಈ ಅಂತರ ಕಿರಿದಾಗುತ್ತಾ ಬರುತ್ತದೆ. ಅಂದರೆ ಫೋನಿನಲ್ಲಿ ಹೇಳುವ "ಎರಡು ಲಕ್ಷ" ಐವತ್ತು ಸಾವಿರವೂ ಇರಬಹುದು, ಎಂಟು ಲಕ್ಷವೂ ಇರಬಹುದು.

ಹಾಗಂತ "ಗೊತ್ತಿಲ್ಲ" ಎಂದರೆ ಗಿರಾಕಿ ಬೇರೆಯವರ ಹತ್ತಿರ ಹೋಗುತ್ತಾರೆ. ನಾನು ಹೇಳುವುದು ಹೀಗೆ: "ಇಂಥ ಕೆಲಸ 4ರಿಂದ 12 ಲಕ್ಷದ ಒಳಗೆ ಆಗುತ್ತೆ. ಒಂದು ದಿನ ನಿಮ್ಮಲ್ಲಿಗೆ ಬಂದು ನೋಡಿ, ವಾರದೊಳಗೆ ಸರಿಯಾದ ಲೆಕ್ಕ ಕೊಡ್ತೀನಿ." ದೊಡ್ಡ ಕೆಲಸವಾದರೆ ಈ ನೋಡುವ ಕೆಲಸಕ್ಕೇ ಸಣ್ಣ ಮೊತ್ತ ಕೇಳಿ. ಅದನ್ನು ಕೊಡಲು ಒಪ್ಪುವವರು ಮುಂದೆ ಬಿಲ್ಲನ್ನೂ ಸರಿಯಾಗಿ ಕೊಡುತ್ತಾರೆ ಅನ್ನುವುದು ನನ್ನ ಅನುಭವ.

ಹಂತ 2: ಜಾಗಕ್ಕೆ ಹೋಗಿ ಒಂದು ದಿನ ಪೂರ್ತಿ ಕೂರಿ

ಇದೊಂದನ್ನು ಮಾತ್ರ ದಯವಿಟ್ಟು ಬಿಡಬೇಡಿ. ಫೋನಿನಲ್ಲಿ ಮಂಡಿಯವರು ಹೇಳಿದ್ದು ಇಷ್ಟೇ: "ರೈತರು ಅಡಿಕೆ ತರ್ತಾರೆ, ತೂಕ ಮಾಡ್ತೀವಿ, ಟೆಂಡರ್ ಆಗುತ್ತೆ, ಪಟ್ಟಿ ಕೊಡ್ತೀವಿ." ಪಟ್ಟಿ ಅಂದರೆ ರೈತರ ಕೈಗೆ ಕೊಡುವ ಮಾರಾಟದ ಲೆಕ್ಕದ ಚೀಟಿ. ಕೇಳಿದರೆ ನಾಲ್ಕು ಸ್ಕ್ರೀನ್ ಸಾಕು ಅನ್ನಿಸುತ್ತೆ ಅಲ್ವಾ?

ಬೆಳಿಗ್ಗೆಯಿಂದ ಗುಮಾಸ್ತರ ಪಕ್ಕದಲ್ಲಿ ಕೂತು ನೋಡಿ. ಒಬ್ಬರು ಏಳು ಚೀಲ ತಂದಿದ್ದಾರೆ. ನಾಲ್ಕು ರಾಶಿ, ಎರಡು ಬೆಟ್ಟೆ, ಒಂದು ಗೊರಬಲು. ಇವು ಅಡಿಕೆಯ ಬೇರೆ ಬೇರೆ ತರಗಳು. ಒಬ್ಬರೇ ರೈತರು, ಆದರೆ ಮೂರು ಲಾಟ್. ಚೀಲದ ತೂಕ ಕಳೆಯಬೇಕು. ಅಡಿಕೆ ತಂದವರು ಮಗ, ಖಾತೆ ಇರುವುದು ಅಪ್ಪನ ಹೆಸರಿನಲ್ಲಿ. ಒಂದೇ ಊರಿನಲ್ಲಿ ಒಂದೇ ಹೆಸರಿನ ಐದು ಜನ ಇದ್ದಾರೆ. ಗುಮಾಸ್ತರು ಮನೆ ಹೆಸರಿನಿಂದ ಗುರುತು ಹಿಡಿಯುತ್ತಾರೆ, ಕಂಪ್ಯೂಟರ್ ಹಿಡಿಯುವುದಿಲ್ಲ. ಟೆಂಡರ್‌ನಲ್ಲಿ ಬಂದ ದರ ರೈತರಿಗೆ ಹಿಡಿಸಲಿಲ್ಲ. "ಈ ಸಲ ಬೇಡ, ಮುಂದಿನ ಟೆಂಡರ್‌ಗೆ ಇಡಿ" ಎಂದು ಲಾಟ್ ಅಲ್ಲೇ ಬಿಟ್ಟು ಹೋದರು. ಇನ್ನೊಬ್ಬರಿಗೆ ಪಟ್ಟಿ ಬರೆಯುವಾಗ ಹಮಾಲಿ, ದಲಾಲಿ ಕಳೆದ ಮೇಲೆ ಮಳೆಗಾಲದಲ್ಲಿ ಕೊಟ್ಟ ಮುಂಗಡವನ್ನೂ ಬಡ್ಡಿ ಸಮೇತ ಹಿಡಿದರು. ಆದರೆ ಪೂರ್ತಿ ಹಿಡಿಯಲಿಲ್ಲ. ಮನೆಯಲ್ಲಿ ಮದುವೆ ಇದೆ ಎಂದು ಅರ್ಧ ಮಾತ್ರ.

ಆ ಅರ್ಧ ಮುಂಗಡ ಇದೆಯಲ್ಲ, ಅದಕ್ಕೇ ಕೋಡ್‌ನಲ್ಲಿ ಮೂರು ದಿನ ಹೋಗುತ್ತದೆ. ಎಷ್ಟು ಹಿಡಿಯಬಹುದು ಅಂತ ನಿರ್ಧರಿಸುವವರು ಯಾರು, ಉಳಿದದ್ದಕ್ಕೆ ಬಡ್ಡಿ ಎಂದಿನಿಂದ, ತಪ್ಪಾದರೆ ತಿದ್ದುವುದು ಹೇಗೆ ಎಂಬುದನ್ನೆಲ್ಲ ಕೇಳಿ ಬರೆದುಕೊಳ್ಳಬೇಕು.

ನೋಟ್‌ಬುಕ್‌ನಲ್ಲಿ ಎರಡು ಕಾಲಂ ಮಾಡಿಕೊಳ್ಳಿ. ಒಂದರಲ್ಲಿ ಯಾವಾಗಲೂ ನಡೆಯುವುದು. ಇನ್ನೊಂದರಲ್ಲಿ ಅಪರೂಪಕ್ಕೆ ನಡೆಯುವುದು. ಸಂಜೆ ಹೊತ್ತಿಗೆ ಎರಡನೇ ಕಾಲಂ ಉದ್ದ ಆಗಿರುತ್ತದೆ. ಹೊರಡುವ ಮುಂಚೆ ಗುಮಾಸ್ತರಿಗೆ ಒಂದೇ ಪ್ರಶ್ನೆ ಕೇಳಿ: "ಕಳೆದ ವರ್ಷ ನಿಮಗೆ ಅತಿ ಜಾಸ್ತಿ ತಲೆನೋವು ಕೊಟ್ಟ ಲೆಕ್ಕ ಯಾವುದು?" ಆಡಳಿತದವರು ಹೇಳದ ಸಂಗತಿಯೆಲ್ಲ ಆ ಉತ್ತರದಲ್ಲಿ ಬರುತ್ತದೆ.

ಹಂತ 3: ಕೆಲಸ ಒಡೆಯಿರಿ, ಪ್ರತಿ ತುಂಡಿಗೆ ಮೂರು ಅಂಕಿ ಹಾಕಿ

ದೊಡ್ಡ ತುಂಡಿಗೆ ಅಂದಾಜು ಹಾಕಲು ಹೋದರೆ ಊಹೆ ಆಗುತ್ತದೆ. ಎರಡು-ಮೂರು ದಿನದಲ್ಲಿ ಮುಗಿಯುವಷ್ಟು ಸಣ್ಣ ತುಂಡು ಮಾಡಿ, ಆಮೇಲೆ ಕೂಡಿಸಿ. ಇಲ್ಲಿ ಜಾಗ ಸಾಲದು ಎಂದು ಕೂಡಿಸಿದ ಸಾಲುಗಳನ್ನಷ್ಟೇ ಕೊಡುತ್ತೇನೆ.

ಪ್ರತಿ ಸಾಲಿಗೆ ಮೂರು ಅಂಕಿ. ಎಲ್ಲ ಸರಿಹೋದರೆ ಎಷ್ಟು ದಿನ, ಸಾಮಾನ್ಯವಾಗಿ ಎಷ್ಟು, ಎಲ್ಲ ಕೆಟ್ಟರೆ ಎಷ್ಟು. ಮಧ್ಯದ ಅಂಕಿಯನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಿ. ಇದಕ್ಕೆ ಪರ್ಟ್ ಅನ್ನುತ್ತಾರೆ. ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಗೆ 1950ರ ದಶಕದ ಕೊನೆಯಲ್ಲಿ ಹುಟ್ಟಿದ ವಿಧಾನ. ಮಂಡಿಯ ಲೆಕ್ಕಕ್ಕೂ ಚೆನ್ನಾಗಿ ಕೂರುತ್ತದೆ.

- ರೈತರ ಖಾತೆ, ಲಾಗಿನ್: 3, 4, 8. ಬರುವುದು 4.5 ದಿನ
- ಆವಕ, ಲಾಟ್, ತೂಕ: 4, 6, 14. ಬರುವುದು 7
- ಟೆಂಡರ್ ದರ ದಾಖಲು: 3, 5, 7. ಬರುವುದು 5
- ಪಟ್ಟಿ ಮತ್ತು ಕಡಿತ: 5, 8, 20. ಬರುವುದು 9.5
- ಮುಂಗಡ, ಬಡ್ಡಿ: 5, 8, 23. ಬರುವುದು 10
- ಕನ್ನಡದಲ್ಲಿ ಪ್ರಿಂಟ್: 2, 4, 12. ಬರುವುದು 5
- ವರದಿಗಳು: 4, 6, 8. ಬರುವುದು 6
- ಹಳೆಯ ಡೇಟಾ ತರುವುದು: 3, 7, 23. ಬರುವುದು 9
- ಎಸ್‌ಎಂಎಸ್: 1, 2, 3. ಬರುವುದು 2

ಒಟ್ಟು 58 ದಿನ. ಮಧ್ಯದ ಅಂಕಿಗಳನ್ನಷ್ಟೇ ಕೂಡಿಸಿದ್ದರೆ 50 ಬರುತ್ತಿತ್ತು. ಆ ಎಂಟು ದಿನ ಎಲ್ಲಿಂದ ಬಂತು ನೋಡಿ. ಕೆಲಸ ಬೇಗ ಮುಗಿದರೆ ಒಂದೆರಡು ದಿನ ಉಳಿಯಬಹುದು. ಕೆಟ್ಟರೆ ಹದಿನೈದು ದಿನ ನುಂಗುತ್ತದೆ. ಎರಡೂ ಕಡೆಗೆ ಅಳತೆ ಒಂದೇ ಇಲ್ಲ.

ತಂಡ ಇದ್ದರೆ ಅಂಕಿಗಳನ್ನು ಒಬ್ಬರೇ ಹಾಕಬೇಡಿ. ಎಲ್ಲರೂ ಚೀಟಿಯಲ್ಲಿ ಬರೆದು ಒಟ್ಟಿಗೇ ತೋರಿಸಲಿ. ಇಲ್ಲದಿದ್ದರೆ ಸೀನಿಯರ್ ಹೇಳಿದ ಅಂಕಿಯನ್ನೇ ಉಳಿದವರೂ ಹೇಳುತ್ತಾರೆ. ಒಬ್ಬರು 3, ಇನ್ನೊಬ್ಬರು 13 ಎಂದರೆ ಸರಾಸರಿ ಮಾಡಬೇಡಿ, ಇಬ್ಬರಿಗೂ ಕಾರಣ ಕೇಳಿ. 13 ಎಂದವರಿಗೆ ಉಳಿದವರು ನೋಡದ ಏನೋ ಕಂಡಿರುತ್ತದೆ. ಪ್ಲಾನಿಂಗ್ ಪೋಕರ್ ಅಂತ ಜೇಮ್ಸ್ ಗ್ರೆನಿಂಗ್ 2002ರಲ್ಲಿ ಹೆಸರಿಟ್ಟದ್ದು ಇದಕ್ಕೇ.

ಹಂತ 4: ಕನ್ನಡಕ್ಕೆ ಆಗುವ ಕೆಲಸವನ್ನು ಬೇರೆಯಾಗಿ ಎಣಿಸಿ

"ಕನ್ನಡದಲ್ಲೂ ಬೇಕು" ಅನ್ನುವುದನ್ನು ಜನ ಕೊನೆಗೆ ಒಂದು ಸಾಲಿನಲ್ಲಿ ಹೇಳುತ್ತಾರೆ. ಮಾಡುವವರೂ ಅನುವಾದ ಹಾಕಿದರೆ ಆಯಿತು ಅಂದುಕೊಳ್ಳುತ್ತಾರೆ. ಕನ್ನಡದಲ್ಲಿ ಮಾಡಲೇಬೇಕು. ಅದಕ್ಕೇ ಅದರ ದಿನಗಳನ್ನು ಮೊದಲೇ ಎಣಿಸಿಡಬೇಕು. ಇಲ್ಲದಿದ್ದರೆ ಕೊನೆಯ ವಾರದಲ್ಲಿ ಸುಸ್ತಾಗಿ "ಇಂಗ್ಲಿಷ್‌ನಲ್ಲೇ ಇರಲಿ ಬಿಡಿ" ಅನ್ನುವ ಸ್ಥಿತಿ ಬರುತ್ತದೆ. ಪಟ್ಟಿ ಓದಬೇಕಾದವರು ರೈತರು.

ಮೊದಲು ಪ್ರಿಂಟ್. ಪಿಡಿಎಫ್ ಮಾಡುವ ಎಷ್ಟೋ ಲೈಬ್ರರಿಗಳಿಗೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ. ಸ್ಕ್ರೀನ್ ಮೇಲೆ "ಲಕ್ಷ್ಮಿ" ಎಂದು ಸರಿಯಾಗಿ ಕಾಣುವುದು ಕಾಗದದ ಮೇಲೆ "ಲಕ್‌ಷ್‌ಮಿ" ಎಂದು ಬರುತ್ತದೆ. ಸಣ್ಣ ಬಿಲ್ ಪ್ರಿಂಟರ್‌ಗಳಲ್ಲಿ ಸಾಮಾನ್ಯವಾಗಿ ಕನ್ನಡ ಫಾಂಟೇ ಇರುವುದಿಲ್ಲ. ಅಕ್ಷರವನ್ನು ಚಿತ್ರ ಮಾಡಿ ಕಳಿಸಬೇಕು, ಆಗ ಪ್ರಿಂಟ್ ನಿಧಾನ ಆಗುತ್ತದೆ, ಸರದಿಯಲ್ಲಿ ನಿಂತವರು ಕಾಯಬೇಕಾಗುತ್ತದೆ. ಅಂದಾಜು ಕೊಡುವ ಮುಂಚೆಯೇ ಅವರ ಪ್ರಿಂಟರ್‌ನಲ್ಲಿ ಒಂದು ಸಾಲು ಕನ್ನಡ ಹೊಡೆದು ನೋಡಿ. ಅರ್ಧ ಗಂಟೆಯ ಕೆಲಸ. ಹಂತ 3ರ ಪ್ರಿಂಟ್ ಸಾಲಿನಲ್ಲಿ 12 ಇರುವುದು 5ಕ್ಕೆ ಇಳಿಯಲೂಬಹುದು.

ಎರಡನೆಯದು ಹಳೆಯ ಡೇಟಾ. ಎಲ್ಲ ಕಂಪ್ಯೂಟರ್‌ಗಳೂ ಓದುವ ಯೂನಿಕೋಡ್ ರೂಢಿಗೆ ಬರುವ ಮುಂಚಿನ ಫೈಲುಗಳು ನುಡಿ, ಬರಹ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಪರಿವರ್ತಕಗಳು ಇವೆ, ಆದರೆ ಅರ್ಕಾವೊತ್ತಿನ ಹತ್ತಿರ ಕೆಲವೊಮ್ಮೆ ಎಡವುತ್ತವೆ. ಹೆಸರುಗಳನ್ನು ಕಣ್ಣಿನಿಂದ ಒಮ್ಮೆ ನೋಡಲೇಬೇಕು. ಸಾವಿರಾರು ಹೆಸರಿದ್ದರೆ ಅದು ಯಾರ ಕೆಲಸ, ನಿಮ್ಮದೋ ಮಂಡಿಯವರದೋ? ಈಗಲೇ ಕೇಳಿ.

ಮೂರನೆಯದು ಎಸ್‌ಎಂಎಸ್. ಇಂಗ್ಲಿಷ್‌ನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70 ಮಾತ್ರ. ಅದರಲ್ಲೂ ಗುಣಿತ, ಒತ್ತು ಪ್ರತಿಯೊಂದೂ ಬೇರೆ ಬೇರೆ ಎಣಿಕೆ ಆಗುತ್ತವೆ. ಉದ್ದದ ಸಂದೇಶ ತುಂಡಾಗುತ್ತದೆ, ಪ್ರತಿ ತುಂಡಿಗೂ ದುಡ್ಡು. ಜೊತೆಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದ ಪ್ರಕಾರ ಕಳಿಸುವವರ ಹೆಸರು, ಸಂದೇಶದ ನಮೂನೆ ಎರಡನ್ನೂ ಮೊಬೈಲ್ ಕಂಪನಿಗಳ ನೋಂದಣಿ ವ್ಯವಸ್ಥೆಯಾದ ಡಿಎಲ್‌ಟಿಯಲ್ಲಿ ನೋಂದಾಯಿಸಬೇಕು. ಕೋಡ್ ಎರಡು ದಿನದ್ದು, ಈ ಓಡಾಟ ಬೇರೆ.

ಹಂತ 5: ಕೋಡ್ ಅಲ್ಲದ ಕೆಲಸ ಬರೆಯಿರಿ

58 ದಿನ ಬರೀ ಕೋಡ್‌ಗೆ. ಇದರ ಮೇಲೆ ಚರ್ಚೆ ಮತ್ತು ಡಿಸೈನ್ 8, ಟೆಸ್ಟಿಂಗ್ 15, ಸರ್ವರ್ ಮತ್ತು ಬ್ಯಾಕಪ್ 3, ತರಬೇತಿ 4, ಫೋನ್ ಮತ್ತು ಮೀಟಿಂಗ್ 8, ಶುರುವಾದ ಮೊದಲ ತಿಂಗಳು ಜೊತೆಗಿರುವುದು 7. ಒಟ್ಟು 45 ದಿನ. ಎರಡೂ ಸೇರಿ 103.

"ಈಗ ಎಐ ಇದೆಯಲ್ಲ, ಕೋಡ್ ಅದೇ ಬರೆಯುತ್ತೆ, ಕಡಿಮೆ ಮಾಡಿ" ಅನ್ನುವ ಮಾತು ಈಚೆಗೆ ಬರುತ್ತದೆ. ನಾನೂ ಬಳಸುತ್ತೇನೆ, ಕೆಲವು ಸಾಲುಗಳಲ್ಲಿ ದಿನ ಖಂಡಿತ ಉಳಿಯುತ್ತದೆ. ಲಾಗಿನ್, ವರದಿ ಇಂಥವು. ಆದರೆ ಈ 45ರಲ್ಲಿ ಅದು ಮುಟ್ಟುವುದು ತೀರಾ ಸ್ವಲ್ಪ. ಗುಮಾಸ್ತರ ಪಕ್ಕ ಕೂತು ಪಟ್ಟಿ ತಾಳೆ ನೋಡುವುದು ನೀವೇ.

ಹಂತ 6: ನಿಮ್ಮ ಒಂದು ದಿನದ ಬೆಲೆ ತಿಳಿಯಿರಿ

ಇಲ್ಲಿ ಆಗುವ ತಪ್ಪಿನಿಂದ ಎಷ್ಟೋ ಒಳ್ಳೆಯ ಸಣ್ಣ ಕಂಪನಿಗಳು ಮುಚ್ಚಿದ್ದನ್ನು ನೋಡಿದ್ದೇನೆ. ಕೆಲಸಗಾರರ ಸಂಬಳ ತಿಂಗಳಿಗೆ 60,000 ಇದ್ದರೆ 22ರಿಂದ ಭಾಗಿಸಿ ದಿನಕ್ಕೆ 2,727 ಅನ್ನುತ್ತಾರೆ. ಅದು ಸಂಬಳ, ಖರ್ಚಲ್ಲ.

ವರ್ಷಕ್ಕೆ ಸಂಬಳ 7,20,000. ಪಿಎಫ್, ಗ್ರಾಚ್ಯುಟಿ, ಲ್ಯಾಪ್‌ಟಾಪ್, ಆಫೀಸ್ ಬಾಡಿಗೆ, ಕರೆಂಟ್, ಇಂಟರ್ನೆಟ್, ಲೆಕ್ಕಪರಿಶೋಧಕರ ಫೀಸು ಎಲ್ಲ ಸೇರಿಸಿ 40% ಎಂದಿಟ್ಟುಕೊಳ್ಳಿ. 10,08,000 ಆಯಿತು. ಇನ್ನು ದಿನಗಳು. 365ರಲ್ಲಿ ಶನಿವಾರ ಭಾನುವಾರ 104 ಹೋದರೆ 261. ಹಬ್ಬಕ್ಕೆ 10, ರಜೆ 18 ಕಳೆದರೆ 233. ಅಷ್ಟೂ ದಿನ ಗಿರಾಕಿಯ ಕೆಲಸ ಇರುವುದಿಲ್ಲ. ಕೊಟೇಶನ್ ಬರೆಯುವುದು, ಹೊಸದು ಕಲಿಯುವುದು, ಎರಡು ಕೆಲಸಗಳ ನಡುವಿನ ಖಾಲಿ ದಿನ ಎಲ್ಲ ಇರುತ್ತವೆ. ಮುಕ್ಕಾಲು ಪಾಲು ಎಂದರೆ 175 ದಿನ. 10,08,000 ಭಾಗಿಸು 175, ಅಂದರೆ 5,760. ಕಂಪನಿ ಉಳಿಯಲು ಅದರ ಮೇಲೆ 25%. ದಿನಕ್ಕೆ 7,200.

ಒಬ್ಬರೇ ಕೆಲಸ ಮಾಡುವವರೂ ಇದೇ ಲೆಕ್ಕ ಹಾಕಿ. ನಿಮ್ಮ ಮನೆಯ ಕೋಣೆಗೂ ಬಾಡಿಗೆ ಇದೆ.

ಹಂತ 7: ಬಫರ್, ಹೊರಗಿನ ಖರ್ಚು, ಒಟ್ಟು

ಬಫರ್ ಅಂದರೆ ಎಡವಟ್ಟಾದರೆ ಇರಲಿ ಎಂದು ಇಡುವ ಹೆಚ್ಚುವರಿ ದಿನ. ಅದನ್ನು ಸುಮ್ಮನೆ 20% ಎಂದು ಹಾಕುವವರೇ ಜಾಸ್ತಿ. ಮೂರು ಅಂಕಿ ಇರುವಾಗ ಲೆಕ್ಕ ಮಾಡಿಯೇ ತೆಗೆಯಬಹುದು. ಪ್ರತಿ ಸಾಲಿನ ಕೊನೆಯ ಅಂಕಿಯಿಂದ ಮೊದಲ ಅಂಕಿ ಕಳೆದು ಆರರಿಂದ ಭಾಗಿಸಿ, ಅದರ ವರ್ಗ ಮಾಡಿ. ಎಲ್ಲ ಕೂಡಿಸಿ ವರ್ಗಮೂಲ ತೆಗೆಯಿರಿ. ನಮ್ಮ ಒಂಬತ್ತು ಸಾಲಿಗೆ ಸುಮಾರು 5.8 ದಿನ ಬರುತ್ತದೆ. ಅದರ ಎರಡರಷ್ಟು, ಅಂದರೆ 12 ದಿನ ಬಫರ್ ಇಡಿ. ಒಂದು ಸಾಲಿನ ತೊಂದರೆ ಇನ್ನೊಂದಕ್ಕೆ ಹರಡುವುದಿಲ್ಲ ಎಂದು ಈ ಸೂತ್ರ ನಂಬುತ್ತದೆ. ಹೊಸ ಗಿರಾಕಿ, ಹೊಸ ತಂತ್ರಜ್ಞಾನ ಎರಡೂ ಒಟ್ಟಿಗೆ ಬಂದರೆ ನಾನು ಇನ್ನೂ ಸ್ವಲ್ಪ ಸೇರಿಸುತ್ತೇನೆ.

103ಕ್ಕೆ 12 ಸೇರಿ 115 ದಿನ. 7,200ರಂತೆ 8,28,000. ಹೊರಗಿನ ಖರ್ಚು: ಒಂದು ವರ್ಷದ ಸರ್ವರ್ 24,000, ಓಡಾಟ 15,000, ಡೊಮೇನ್ ಮತ್ತು ಎಸ್‌ಎಂಎಸ್ 6,000. ಒಟ್ಟು 8,73,000. ಮೊಬೈಲ್ ಆಪ್ ಕೇಳಿದರೆ ಗೂಗಲ್ ಪ್ಲೇಗೆ ಒಂದು ಸಲ 25 ಡಾಲರ್, ಆಪಲ್‌ಗೆ ಪ್ರತಿ ವರ್ಷ 99 ಡಾಲರ್ ಸೇರಿಸಿ.

50 ದಿನಕ್ಕೆ 2,727ರಂತೆ ಗುಣಿಸಿದ್ದರೆ ಏನು ಬರುತ್ತಿತ್ತು? ಸುಮಾರು 1,36,000. ಅದೇ ಮಂಡಿ, ಅದೇ ಕೆಲಸ. ಆರು ಪಟ್ಟು ಮೀರಿದ ವ್ಯತ್ಯಾಸ. ಯಾರಾದರೂ ಒಂದೂವರೆ ಲಕ್ಷಕ್ಕೆ ಮಾಡಿಕೊಡುತ್ತೇನೆ ಎಂದರೆ ಅವರು ಎಣಿಸಿದ್ದು ಇಷ್ಟನ್ನೇ ಇರಬಹುದು. ಅರ್ಧಕ್ಕೆ ಬಿಟ್ಟು ಹೋದಾಗ ನಷ್ಟ ಆಗುವುದು ಮಂಡಿಗೆ.

ಹಂತ 8: ಇನ್ನೊಂದು ದಾರಿಯಿಂದ ತಾಳೆ ನೋಡಿ

ಹಿಂದೆ ಮಾಡಿದ, ಇದಕ್ಕೆ ಹತ್ತಿರದ ಕೆಲಸ ನಿಜವಾಗಿ ಎಷ್ಟು ದಿನ ಹಿಡಿದಿತ್ತು? ಅದಕ್ಕಿಂತ ಒಳ್ಳೆಯ ಅಳತೆ ಇಲ್ಲ. ಪುಸ್ತಕದ ಸೂತ್ರಗಳೂ ಇವೆ. ಐಬಿಎಂನ ಅಲನ್ ಆಲ್ಬ್ರೆಕ್ಟ್ 1979ರಲ್ಲಿ ತಂದ, ಸಾಫ್ಟ್‌ವೇರ್ ಮಾಡುವ ಕೆಲಸಗಳನ್ನು ಎಣಿಸುವ ಫಂಕ್ಷನ್ ಪಾಯಿಂಟ್, ಕೋಡ್ ಸಾಲುಗಳಿಂದ ಅಂದಾಜು ಹಾಕುವ ಬೋಮ್ ಅವರ 1981ರ ಕೊಕೊಮೊ. ಕೊಕೊಮೊದ ಸರಳ ಸೂತ್ರದಲ್ಲಿ 10 ಸಾವಿರ ಸಾಲಿನ ಕೋಡ್‌ಗೆ ಸುಮಾರು 27 ತಿಂಗಳ ಒಬ್ಬರ ಕೆಲಸ ಬರುತ್ತದೆ. ಇವತ್ತಿನ ಫ್ರೇಮ್‌ವರ್ಕ್‌ಗಳಲ್ಲಿ ಅದು ಹೊಂದುವುದಿಲ್ಲ, ಸಣ್ಣ ಕೆಲಸಕ್ಕೆ ನಾನು ಬಳಸುವುದೂ ಇಲ್ಲ.

ದಿನಗಳನ್ನು ಕ್ಯಾಲೆಂಡರ್ ಮೇಲೂ ಹಾಕಿ. 115 ದಿನದ ಕೆಲಸಕ್ಕೆ ಐದು ಜನ ಹಾಕಿದರೆ 23 ದಿನದಲ್ಲಿ ಮುಗಿಯುವುದಿಲ್ಲ. ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಎಂದು ಸಾಫ್ಟ್‌ವೇರ್ ತಜ್ಞ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದಾರೆ. ಅಡಿಕೆ ಸೀಸನ್ ಜೋರಾಗಿರುವಾಗ ಹೊಸ ಸಾಫ್ಟ್‌ವೇರ್ ಶುರು ಮಾಡಬೇಡಿ. ಏಪ್ರಿಲ್ 1ಕ್ಕೆ ಶುರು ಮಾಡಿದರೆ ವರ್ಷದ ನಡುವಿನ ಲೆಕ್ಕ ಎತ್ತಿ ತರುವ ಕೆಲಸ ತಪ್ಪುತ್ತದೆ.

ಹಂತ 9: "ನಮ್ಮ ಹತ್ತಿರ ಐದೇ ಲಕ್ಷ ಇರೋದು" ಎಂದಾಗ

ದಿನದ ದರ ಇಳಿಸಬೇಡಿ. ಬಫರ್ ತೆಗೆಯಬೇಡಿ. ಕೆಲಸ ಕಡಿಮೆ ಮಾಡಿ, ಅದನ್ನು ಅವರ ಎದುರಿಗೇ ಕೂತು ಮಾಡಿ.

ಮೊದಲ ಕಂತಿನಲ್ಲಿ ಖಾತೆ, ಆವಕ, ಟೆಂಡರ್, ಪಟ್ಟಿ, ಪ್ರಿಂಟ್ ಮಾತ್ರ. ಕೋಡ್ 31 ದಿನ. ಕೋಡ್ ಅಲ್ಲದ ಕೆಲಸ 24. ಸರ್ವರ್‌ಗೆ ಅಷ್ಟೇ ದಿನ ಬೇಕು, ಟೆಸ್ಟಿಂಗ್ ಅರ್ಧಕ್ಕೆ ಇಳಿಯುತ್ತದೆ, ಉಳಿದವೂ ಕಡಿಮೆಯಾಗುತ್ತವೆ. ಬಫರ್ 7. ಒಟ್ಟು 62 ದಿನ, 4,46,400. ಹೊರಗಿನ ಖರ್ಚು 40,000 ಸೇರಿ 4,86,400. ಮುಂಗಡದ ಲೆಕ್ಕ ಸದ್ಯ ಪುಸ್ತಕದಲ್ಲೇ ಇರಲಿ. ಪಟ್ಟಿಯಲ್ಲಿ ಕಡಿತದ ಮೊತ್ತವನ್ನು ಗುಮಾಸ್ತರು ಕೈಯಲ್ಲೇ ಹಾಕುತ್ತಾರೆ. ರೈತರ ಹೆಸರುಗಳನ್ನು ಅವರ ಸಿಬ್ಬಂದಿಯೇ ಟೈಪ್ ಮಾಡುತ್ತಾರೆ. ಒಂದು ಸೀಸನ್ ಹೀಗೆ ನಡೆದರೆ ಎರಡನೇ ಕಂತಿನ ಅಂದಾಜು ಇನ್ನೂ ನಿಖರ ಆಗುತ್ತದೆ.

ಹಂತ 10: ಕೊಟೇಶನ್ ಬರೆಯುವುದು

ಮೊತ್ತಕ್ಕಿಂತ ಅದರ ಕೆಳಗಿನ ಸಾಲುಗಳಿಗೆ ಜಾಸ್ತಿ ಹೊತ್ತು ಕೊಡಿ. ಏನು ಸೇರಿದೆ, ಏನು ಸೇರಿಲ್ಲ, ಯಾವುದನ್ನು ನಂಬಿ ಲೆಕ್ಕ ಹಾಕಿದ್ದೀರಿ. "ಹಳೆಯ ಡೇಟಾ ಎಕ್ಸೆಲ್‌ನಲ್ಲಿ, ಯೂನಿಕೋಡ್‌ನಲ್ಲಿ ಕೊಡಲಾಗುವುದು ಎಂದು ಭಾವಿಸಲಾಗಿದೆ" ಎಂಬ ಒಂದು ಸಾಲು ಮುಂದೆ ಹತ್ತು ದಿನದ ಜಗಳ ತಪ್ಪಿಸುತ್ತದೆ. ಹೊಸದು ಕೇಳಿದರೆ ದಿನದ ದರದಲ್ಲಿ ಬೇರೆ ಲೆಕ್ಕ ಎಂದೂ ಬರೆಯಿರಿ.

ಜಿಎಸ್‌ಟಿ 18% ಬೇರೆ ಎಂದು ಸ್ಪಷ್ಟವಾಗಿ ಹಾಕಿ. ವಾರ್ಷಿಕ ವಹಿವಾಟು 20 ಲಕ್ಷ ದಾಟಿದ ಸೇವೆಗೆ ನೋಂದಣಿ ಕಡ್ಡಾಯ. 8,73,000ಕ್ಕೆ ತೆರಿಗೆ 1,57,140, ಒಟ್ಟು 10,30,140. ಗಿರಾಕಿಗೆ ಆ ತೆರಿಗೆಯ ಇನ್‌ಪುಟ್ ಕ್ರೆಡಿಟ್ (ಕೊಟ್ಟ ತೆರಿಗೆಯನ್ನು ತಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ಸಿಗದಿದ್ದರೆ ಅದು ಅವರಿಗೆ ನಿಜವಾದ ಖರ್ಚು, ಆದ್ದರಿಂದ ಮೊದಲ ಮಾತುಕತೆಯಲ್ಲೇ ಹೇಳಿ. ಅವರು ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿದು ಕೊಡಬಹುದು. ಕೈಗೆ ಬರುವ ದುಡ್ಡು ಆ ತಿಂಗಳು ಅಷ್ಟು ಕಡಿಮೆ ಇರುತ್ತದೆ.

ಕಂತು ನಾನು ಹೀಗೆ ಇಡುತ್ತೇನೆ: ಶುರುವಿಗೆ 30%, ಮೊದಲ ಪಟ್ಟಿ ಪ್ರಿಂಟ್ ಆಗಿ ತೋರಿಸಿದ ದಿನ 30%, ಬಳಕೆ ಶುರುವಾದಾಗ 30%, ಒಂದು ತಿಂಗಳ ನಂತರ 10%. ವಾರ್ಷಿಕ ನಿರ್ವಹಣೆಗೆ 15ರಿಂದ 20% ಕೇಳುವುದು ರೂಢಿ. ಅದರಲ್ಲಿ ಏನೇನು ಬರುತ್ತದೆ ಎಂದೂ ಬರೆಯಿರಿ. ತಪ್ಪು ತಿದ್ದುವುದು ಸೇರಿದೆ, ಹೊಸ ಸ್ಕ್ರೀನ್ ಸೇರಿಲ್ಲ.

ಹಂತ 11: ನಡೆದದ್ದನ್ನು ಬರೆದಿಡಿ

ಕೆಲಸ ನಡೆಯುವಾಗ ಅದೇ ಹಾಳೆಯಲ್ಲಿ ಇನ್ನೊಂದು ಕಾಲಂ ಹಾಕಿ, ನಿಜವಾಗಿ ಹಿಡಿದ ದಿನ ಬರೆಯಿರಿ. ದಿನದ ಕೊನೆಗೆ ಐದು ನಿಮಿಷ ಸಾಕು. ವಾರದ ನಂತರ ನೆನಪಿನಿಂದ ಬರೆದರೆ ಅಂಕಿ ಸುಳ್ಳಾಗುತ್ತದೆ. ನನ್ನ ಹಾಳೆಗಳಲ್ಲಿ ಲಾಗಿನ್, ವರದಿ ಸಾಲುಗಳು ಅಂದಾಜಿನ ಒಳಗೇ ಮುಗಿದಿವೆ. ಹಳೆಯ ಡೇಟಾ ತರುವ ಸಾಲು ಒಂದು ಸಲವೂ ಒಳಗೆ ಮುಗಿದಿಲ್ಲ. ಅದಕ್ಕೆ ಈಗ ಆ ಸಾಲಿಗೆ ಅಂಕಿ ಹಾಕುವ ಮುಂಚೆ, ಅವರ ಎಕ್ಸೆಲ್‌ನಿಂದ ಐವತ್ತು ಸಾಲು ಕೇಳಿ ಪಡೆದು ನನ್ನ ಕೈಯಾರೆ ಪರಿವರ್ತಿಸಿ ನೋಡುತ್ತೇನೆ.